ಮೆರವಣಿಗೆ ಕೆರೆಯ ದಾರಿ ಹಿಡಿದದ್ದು

ನಾಳೆ ಗರಿಗಳ ಭಾನುವಾರ ಅಂದರೆ ತುಳಸಮ್ಮನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಶನಿವಾರ ಬೆಳ್ಳಂಬೆಳಗ್ಗೆ ಹಳ್ಳದ ದಂಡೆಗೆ ಹೋಗಿ ಈಚಲ ಗರಿ ಕಡಿದು ತಂದಳು. ನೀರು ಚಿಮುಕಿಸಿ, ಒದ್ದೆ ಗೋಣಿಚೀಲ ಹೊದಿಸಿ ಮಲಗಿಸಿದಳು. ಹೆತ್ತ ಕೂಸಿಗೂ ಅಷ್ಟು ಆರೈಕೆ ಮಾಡಿದ್ದಳೋ ಇಲ್ಲವೋ. ಡಪ್ಪು ಬಾರಿಸುವವರಿಗೆ ಎರಡು ಸಲ ಹೇಳಿ ಕಳಿಸಿದಳು. ಮಡಿವಾಳರ ಮನೆಗೆ ತಾನೇ ಹೋಗಿ ಅವರ ಕತ್ತೆಯ ಮೈ ತಿಕ್ಕಿ ತೊಳೆದು ಬಂದಳು.

ಕತ್ತೆ ಯಾಕೆ ಅಂತೀರಾ? ಯೇಸುಸ್ವಾಮಿ ರಾಜನಾಗಿ ಯೆರೂಸಲೇಮಿಗೆ ಬಂದಾಗ ಕುದುರೆ ಹತ್ತಲಿಲ್ಲ, ಕತ್ತೆ ಹತ್ತಿದ. ಅದರ ನೆನಪಿಗೆ, ಮಕ್ತಲ್‌ನಿಂದ ನರ್ವಕ್ಕೆ ಹೋಗುವ ದಾರಿಯಲ್ಲಿರುವ ಈ ಊರಿನ ಸಣ್ಣ ಕ್ರೈಸ್ತ ಸಭೆಯವರು ಪ್ರತಿ ವರ್ಷ ಒಂದು ಕತ್ತೆಯನ್ನು ಮುಂದೆ ಬಿಟ್ಟುಕೊಂಡು, ಗರಿ ಹಿಡಿದು, ಹಾಡುತ್ತಾ ಊರು ಸುತ್ತುತ್ತಾರೆ. ಅದರ ಬೆನ್ನ ಮೇಲೆ ಯಾರೂ ಕೂಡುವಂತಿಲ್ಲ. ಅದು ರಾಜನ ಜಾಗ. ಹಗ್ಗ ಹಿಡಿಯುವ ಮರ್ಯಾದೆ ಹನ್ನೊಂದು ವರ್ಷದಿಂದ ತುಳಸಮ್ಮನದು. ಕತ್ತೆ ಮಡಿವಾಳರದು, ರಾಜ ಎಲ್ಲರವನು, ಗತ್ತು ಮಾತ್ರ ತುಳಸಮ್ಮನದು ಅಂತ ಊರವರು ಅವಳ ಬೆನ್ನ ಹಿಂದೆ ನಗುತ್ತಿದ್ದರು. ಎದುರಿಗೆ ನಗುವ ಧೈರ್ಯ ಯಾರಿಗಿತ್ತು?

ಇಷ್ಟೆಲ್ಲ ಸಡಗರದ ನಡುವೆ ಒಂದು ಕೆಲಸ ಉಳಿದಿತ್ತು. ಹೊಸ ಕುರಿಮರಿಗಳ ಕಿವಿಗೆ ಗುರುತು ಹಾಕಬೇಕಿತ್ತು. ಕುರುಬರಲ್ಲಿ ಮನೆಗೊಂದು ಗುರುತು. ತುಳಸಮ್ಮನ ಮನೆಯದು ಎಡಗಿವಿಯ ತುದಿಗೆ ಒಂದು ಕಚ್ಚು. ಪಕ್ಕದ ಮನೆಯ ಕುರುಮಯ್ಯನದು ಬಲಗಿವಿಗೆ ಅಂಥದೇ ಕಚ್ಚು. ನೆಲದ ಮೇಲೆ ಕೂತು, ಮರಿಯ ಬೆನ್ನು ತನ್ನ ಹೊಟ್ಟೆಗೆ ಬರುವಂತೆ ಮೊಣಕಾಲ ನಡುವೆ ಹಿಡಿದು ಕುಯ್ಯುವುದು ತುಳಸಮ್ಮನ ರೂಢಿ. ಹಾಗೆ ಹಿಡಿದರೆ ಮರಿಯ ಎಡವೂ ಅವಳ ಎಡವೂ ಒಂದೇ ಕಡೆ. ಆದರೆ ಅವತ್ತು ಮಧ್ಯಾಹ್ನ ಮೊಣಕಾಲು ಹಿಡಿದುಕೊಂಡಿತು. ಮಂಚದ ಮೇಲೆ ಕೂತಳು. ಸೊಸೆ ರಜಿನಿ ಎದುರಿಗೆ ನಿಂತು ಮರಿಯನ್ನು ಎತ್ತಿ ಹಿಡಿದಳು. ತುಳಸಮ್ಮ ತನ್ನ ಎಡಗೈ ಕಡೆಯ ಕಿವಿಗೆ ಚೂರಿ ಇಟ್ಟಳು.

"ಅತ್ತಿ, ತಡೀರಿ. ಅದು ಕುರುಮಯ್ಯ ಮಾವನ ಕಿವಿ," ಅಂದಳು ರಜಿನಿ.

ತುಳಸಮ್ಮ ನೋಡಿದಳು. ಹೌದು, ಬಲಗಿವಿ. ರಜಿನಿ ನಗತೊಡಗಿದಳು. "ಎದುರಿಗೆ ಹಿಡದ್ರ ಎಡ ಬಲ ಅದಲಬದಲ ಆಗ್ತೈತಿ ನೋಡ್ರಿ. ಹೋದ ವರ್ಷನೂ ಕಡೀ ಮೂರು ಮರಿಗೆ ನಿಮ್ಮ ಮೊಣಕಾಲು ಹಿಡದು, ಹಿಂಗ ಮಂಚದ ಮ್ಯಾಲೆ ಕುಂತು..."

ಅಷ್ಟಕ್ಕೆ ಅವಳ ನಗು ನಿಂತುಹೋಯಿತು. ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಆ ಮೂರು ಮರಿಗಳ ಕಥೆ ಊರಿಗೆಲ್ಲ ಗೊತ್ತು. ತುಳಸಮ್ಮನ ಮಾವನ ಕಾಲಕ್ಕೆ ಅವರ ಮನೆ ಕ್ರಿಸ್ತನ ಸಭೆಗೆ ಸೇರಿತು. ಕುರುಮಯ್ಯನ ಮನೆ ಬೀರಪ್ಪನನ್ನೇ ನಂಬಿಕೊಂಡು ಉಳಿಯಿತು. ದೇವರು ಬೇರೆಯಾದರೂ ಹುಲ್ಲು ಒಂದೇ, ತೋಳವೂ ಒಂದೇ. ಹತ್ತು ವರ್ಷ ಎರಡು ಹಿಂಡೂ ಕೂಡಿ ಮೇಯ್ದು, ಒಂದೇ ಬಲೆಯ ಬೇಲಿಯೊಳಗೆ ಮಲಗಿದ್ದವು. ಹೋದ ಮಳೆಗಾಲಕ್ಕೆ ಹಿಂಡು ಬೇರೆ ಮಾಡುವಾಗ ತುಳಸಮ್ಮನ ಕುರಿಗಳ ಹಾಲು ಕುಡಿಯುತ್ತಿದ್ದ ಮೂರು ಮರಿಗಳ ಕಿವಿಯಲ್ಲಿ ಕುರುಮಯ್ಯನ ಗುರುತು ಕಂಡಿತು. ತುಳಸಮ್ಮ ಸುಮ್ಮನಿರುವ ಪೈಕಿಯೇ? ಬೀರಪ್ಪನ ಗುಡಿ ಮುಂದೆ ಹಿರಿಯರನ್ನು ಕೂಡಿಸಿದಳು. ನಮ್ಮ ಮರಿ ಹೊಡೆದುಕೊಳ್ಳಲು ಕಿವಿ ಕುಯ್ದಿದ್ದಾನೆ ಅಂತ ಎದೆ ಬಡಿದುಕೊಂಡು ಕೂಗಿದಳು.

ಕುರುಮಯ್ಯ ಮಾತು ಕಡಿಮೆಯ ಮನುಷ್ಯ. "ನಾ ಕುಯ್ದಿಲ್ಲ" ಅಂದ, ಅಷ್ಟೇ. "ಮತ್ತ ಮರಿ ತಾನೇ ಕುಯ್ಕೊಂತೇನು?" ಅಂದಳು ತುಳಸಮ್ಮ. ಜನ ಹೋ ಅಂತ ನಕ್ಕರು. ಆ ನಗುವಿನಲ್ಲೇ ನ್ಯಾಯ ಮುಗಿಯಿತು. ಅವತ್ತಿನಿಂದ ಅವನ ಹೆಸರು ಕಿವಿಗಳ್ಳ. ಯಾರೂ ಅವನ ಹಿಂಡಿನ ಜೊತೆ ತಮ್ಮ ಹಿಂಡು ಕೂಡಿಸಲಿಲ್ಲ. ಗಂಡ ಹೆಂಡತಿ ಇಬ್ಬರೇ ಬಯಲಲ್ಲಿ ಕುರಿ ಕಾಯುವುದೆಂದರೆ ಹುಡುಗಾಟವೇ? ಒಂದೇ ಚಳಿಗಾಲದಲ್ಲಿ ಅವನ ಹದಿನೆಂಟು ಮರಿ ತೋಳದ ಪಾಲಾದವು.

ಈಗ ನೋಡಿದರೆ ಕುಯ್ದ ಕೈ ತುಳಸಮ್ಮನದೇ.

"ಈ ಮಾತು ಇಲ್ಲೇ ಇರಲಿ," ಅಂದಳು ಸೊಸೆಗೆ. ರಜಿನಿ ತಲೆ ತಗ್ಗಿಸಿ ಮರಿಯನ್ನು ಕೆಳಗೆ ಬಿಟ್ಟಳು.

ಸಂಜೆ ಹಾಡಿನ ತಾಲೀಮಿಗೆ ಪಾದ್ರಿ ಭೀಮಶಂಕರ್ ಬಂದರು. ಸಭೆಯವರಿಗೆ ಅವರು ಅಯ್ಯಗಾರು. "ನಾಳೆ ಬರೇ ಗರಿ ಹಿಡ್ಕೊಂಡು ಬರಬ್ಯಾಡ್ರಿ. ಯಾರಿಗರ ತಪ್ಪು ಮಾಡಿದ್ರ ಮೊದಲು ಅವರ ಹತ್ರ ಹೋಗಿ ಬರ್ರಿ. ರಾಜನಿಗೆ ಅದೇ ಮರ್ಯಾದಿ," ಅಂದರು. ಈ ಮಾತನ್ನು ಅವರು ಪ್ರತಿ ವರ್ಷ ಹೇಳುತ್ತಾರೆ, ಪ್ರತಿ ವರ್ಷ ತುಳಸಮ್ಮ ಮಿಕ್ಕವರ ಮುಖ ನೋಡುತ್ತಾ ತಲೆಯಾಡಿಸುತ್ತಾಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಈ ಸಲ ಅವಳ ಕೈ ತಾನಾಗಿ ಸೆರಗಿಗೆ ಹೋಯಿತು. ಹಬ್ಬ ಮುಗಿಯಲಿ, ಸೋಮವಾರ ಒಬ್ಬಳೇ ಹೋಗಿ ಕುರುಮಯ್ಯನ ಹೆಂಡತಿ ಮೊಗುಲಮ್ಮನ ಕಿವಿಯಲ್ಲಿ ಹೇಳಿದರಾಯಿತು ಅಂತ ತನಗೆ ತಾನೇ ವಾಯಿದೆ ಕೊಟ್ಟುಕೊಂಡಳು. ಆಮೇಲೆ ಎಲ್ಲರಿಗಿಂತ ಜೋರಾಗಿ ಹಾಡಿದಳು.

ಭಾನುವಾರ ಬೆಳಗ್ಗೆ ಗಂಡ ಬಾಲಯ್ಯ ಚಹಾ ಹೀರುತ್ತಾ, ಅದೇನು ದೊಡ್ಡ ಸುದ್ದಿಯಲ್ಲ ಅನ್ನುವ ಹಾಗೆ ಹೇಳಿದ: "ಕುರುಮಯ್ಯ ಹಿಂಡು ಮಾರಾಕ ಹತ್ಯಾನ. ಒಂದೂ ಬಿಡದಂಗ. ಗದ್ವಾಲದಿಂದ ಲಾರಿ ಬರ್ತೈತಂತ, ಕೆರಿ ಕಟ್ಟಿಗೆ."

"ಯಾವಾಗ?"

"ಇವತ್ತ. ಹತ್ತಕ್ಕ ತುಂಬತಾರ."

ತುಳಸಮ್ಮ ಲೋಟ ಕೆಳಗಿಟ್ಟಳು. ಅವಳ ಸೋಮವಾರ ಅಲ್ಲೇ ಸತ್ತುಹೋಯಿತು. ಹೊರಗೆ ಡಪ್ಪು ಬಡಿಯುತ್ತಿತ್ತು, ಜನ ಕರೆಯುತ್ತಿದ್ದರು. ಹೋಗಿ ಹಗ್ಗ ಹಿಡಿದಳು.

ಎಂಥ ಮೆರವಣಿಗೆ ಅದು! ಹೆಂಗಸರು ಹೊಸ ಸೀರೆಯುಟ್ಟಿದ್ದರು, ಗಂಡಸರ ಭುಜದ ಮೇಲೆ ಒಗೆದ ಟವಲು, ಎಲ್ಲರ ಕೈಯಲ್ಲೂ ಹಸಿರು ಗರಿ. ಡಪ್ಪಿನ ಏಟಿಗೆ ಕತ್ತೆಯೂ ಕಿವಿ ನಿಮಿರಿಸಿ ಹೆಜ್ಜೆ ಹಾಕುತ್ತಿತ್ತು. "ನಮ್ಮ ರಾಜ ಬಂದಾನ" ಅಂತ ತುಳಸಮ್ಮ ಎತ್ತಿಕೊಟ್ಟರೆ "ದೀನನಾಗಿ ಬಂದಾನ" ಅಂತ ಎಂಬತ್ತು ಕಂಠ ಒಟ್ಟಿಗೆ ಕೂಗುತ್ತಿದ್ದವು. ಹಿಂದೂಗಳ ಮನೆಯವರೂ ಬಾಗಿಲಿಗೆ ಬಂದು ನಿಂತು ನೋಡಿದರು. ಬೇರೆ ವರ್ಷವಾಗಿದ್ದರೆ ತುಳಸಮ್ಮನ ಎದೆ ಉಬ್ಬಿ ರವಿಕೆಯ ಹೊಲಿಗೆ ಬಿಡುತ್ತಿತ್ತು.

ಬೇವಿನ ಮರದ ಹತ್ತಿರ ದಾರಿ ಒಡೆಯುತ್ತದೆ. ಒಂದು ಸಭೆಯವರ ಪ್ರಾರ್ಥನೆಯ ಗುಡಿಯ ಕಡೆ, ಇನ್ನೊಂದು ಕೆರೆಯ ಕಡೆ. ಅಲ್ಲಿಗೆ ಬರುವಾಗ ಕೆರೆಯ ಕಡೆಯಿಂದ ಲಾರಿಯ ಹಾರ್ನ್ ಕೇಳಿತು. ಅದರ ಹಿಂದೆಯೇ ಕುರಿಗಳ ಅರಚಾಟ. ತಾಯಿ ಒಂದು ಕಡೆ, ಮರಿ ಒಂದು ಕಡೆ ಆದಾಗ ಅರಚುವ ಅರಚಾಟ ಅದು. ಕುರುಬರ ಹೆಣ್ಣಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

"ನಮ್ಮ ರಾಜ..." ಅಂದ ತುಳಸಮ್ಮ ಹಾಡನ್ನು ಅರ್ಧಕ್ಕೇ ಬಿಟ್ಟಳು. ತಿರುಗಿ ಕತ್ತೆಯ ಖಾಲಿ ಬೆನ್ನು ನೋಡಿದಳು. ಅವಳಿಗೆ ನಾಚಿಕೆಯಾಯಿತು, ಮೈಯೆಲ್ಲ ಸುಡುವಂಥ ನಾಚಿಕೆ. ಈ ರಾಜ ಯಾರ ಮನೆಗೆ ಮೊದಲು ಹೋಗುತ್ತಿದ್ದ? ಗತ್ತಿನಿಂದ ಹಗ್ಗ ಹಿಡಿದವಳ ಮನೆಗೋ, ಮಾಡದ ತಪ್ಪಿಗೆ ಕಳ್ಳ ಅನ್ನಿಸಿಕೊಂಡವನ ಮನೆಗೋ?

ಹಗ್ಗವನ್ನು ಕೆರೆಯ ಕಡೆ ಎಳೆದಳು.

"ತುಳಸಮ್ಮಾ, ಗುಡಿ ಈ ಕಡೆ ಐತಿ," ಅಂದರು ಅಯ್ಯಗಾರು ಗಾಬರಿಯಿಂದ.

"ಅಯ್ಯಗಾರ್ರೀ, ರಾಜ ಈ ಕಡೆ ಹೊಂಟಾನ," ಅಂದವಳೇ ಓಡತೊಡಗಿದಳು.

ಮೊಣಕಾಲು ನೋವು ಎಲ್ಲಿ ಹೋಯಿತೋ. ಅವಳು ಓಡಿದಳು, ಕತ್ತೆ ಓಡಿತು, ಕತ್ತೆಯ ಹಿಂದೆ ಹೋಗಬೇಕು ಅನ್ನುವುದಷ್ಟೇ ಗೊತ್ತಿದ್ದ ಮೆರವಣಿಗೆಯೂ ಓಡಿತು. ಡಪ್ಪಿನವರು ಓಡುತ್ತಲೇ ಬಾರಿಸಿದರು. ಯಾಕೆ ಓಡುತ್ತಿದ್ದೇವೆ ಅಂತ ಅವರಿಗೂ ಗೊತ್ತಿಲ್ಲ. ರಜಿನಿಗೆ ಮಾತ್ರ ಗೊತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಅತ್ತೆಯ ಪಕ್ಕಕ್ಕೆ ಬಂದುಬಿಟ್ಟಿದ್ದಳು.

ಕೆರೆಯ ಕಟ್ಟೆಯ ಮೇಲೆ ಲಾರಿ ನಿಂತಿತ್ತು. ಅರ್ಧ ಹಿಂಡು ಮೇಲೆ, ಅರ್ಧ ಕೆಳಗೆ. ನೀರಿಗೆ ಕುರಿ ತಂದ ಊರ ಕುರುಬರೆಲ್ಲ ದೂರ ನಿಂತು ನೋಡುತ್ತಿದ್ದರು, ಹೋದ ವರ್ಷ ನ್ಯಾಯ ಹೇಳಿದ ಹಿರಿಯರೂ ಇದ್ದರು. ಕುರುಮಯ್ಯ ಒಂದು ಕುರಿಯನ್ನು ಎತ್ತಿ ಹಿಡಿದಿದ್ದ. ಧೂಳೆಬ್ಬಿಸಿಕೊಂಡು ಬಂದ ಕತ್ತೆ, ಗರಿ, ಡಪ್ಪು ಎಲ್ಲ ನೋಡಿ ಅವನ ಬಾಯಿ ತೆರೆದೇ ಉಳಿಯಿತು.

"ಕುರುಮಣ್ಣ, ಇಳಸು," ಅಂದಳು ತುಳಸಮ್ಮ ಏದುಸಿರು ಬಿಡುತ್ತಾ. ಆಮೇಲೆ ಹಿರಿಯರ ಕಡೆ ತಿರುಗಿದಳು. "ಎಲ್ಲಾರೂ ಕೇಳ್ರಿ. ಆ ಮೂರು ಮರಿ ಕಿವಿ ಕುಯ್ದಾಕಿ ನಾನು. ಮಂಚದ ಮ್ಯಾಲೆ ಕುಂತು, ಮರೀನ ಎದುರಿಗೆ ಹಿಡಿಸಿ, ನನ್ನ ಎಡಕ್ಕ ಕುಯ್ದೆ. ಅದು ಮರಿಗೆ ಬಲ. ಅಣ್ಣನ ಕೈ ಅದರಾಗ ಇಲ್ಲ. ನಿನ್ನೆ ಮಧ್ಯಾಹ್ನ ತಿಳೀತು. ನಿನ್ನೆನೇ ಬರಬೇಕಾಗಿತ್ತು, ಬರಲಿಲ್ಲ. ಅದೂ ನನ್ನ ತಪ್ಪು. ಆತ ಕಳ್ಳ ಅಲ್ಲ. ನಾ ಸುಳ್ಳಿ."

ಬಾಲಯ್ಯ ಹೆಂಡತಿಯನ್ನು ಮೊದಲ ಸಲ ನೋಡುವವನಂತೆ ನೋಡಿದ. ತುಳಸಮ್ಮ ಮುಂದೆ ಬಂದು ಕುರುಮಯ್ಯನ ಕಾಲ ಹತ್ತಿರ ಧೂಳಿನಲ್ಲಿ ಕೂತಳು. "ತಪ್ಪಾತಣ್ಣ," ಅಂದಳು. ಅವಳ ಕಣ್ಣಿನಿಂದ ನೀರು ಧಾರಾಕಾರ ಇಳಿಯಿತು.

ಮಾತಾಡಿದವಳು ಕುರುಮಯ್ಯನ ಹೆಂಡತಿ ಮೊಗುಲಮ್ಮ. "ಕಳ್ಳ ಅಂದದ್ದು ನಮ್ಮ ಬೀರಪ್ಪನ ಗುಡಿ ಮುಂದ. ತಪ್ಪಾತು ಅನ್ನೋದು ಕೆರಿ ಕಟ್ಟಿ ಮ್ಯಾಲೇನು?"

"ಅಲ್ಲೂ ಬರ್ತೀನಿ ಅತ್ತಿಗಿ. ಅಲ್ಲೇ ನಿಂತು, ಅವತ್ತು ಕೂಗಿದಷ್ಟೇ ಜೋರಾಗಿ ಹೇಳ್ತೀನಿ."

ಜನ ಅಯ್ಯಗಾರರ ಮುಖ ನೋಡಿದರು. ಅವರು ಬೆವರು ಒರೆಸಿಕೊಂಡು, "ನಾನೂ ಬರ್ತೀನಿ ಜೋಡಿ," ಅಂದರು.

ಕುರುಮಯ್ಯ ಕುರಿಯನ್ನು ಇನ್ನೂ ಎತ್ತಿ ಹಿಡಿದೇ ಇದ್ದ. ಹಾಗೆಯೇ ನಿಂತು ಅಂದ: "ತಪ್ಪಾತು ಅಂದ್ರ ತೋಳ ಬರೋದು ಬಿಡ್ತೈತೇನವ್ವ? ನಾವಿಬ್ಬರೇ ಅದೀವಿ."

ಆ ಮಾತು ತುಳಸಮ್ಮನ ಎದೆಗೆ ನೇರ ಬಡಿಯಿತು. ಅವಳು ಗಂಡನ ಕಡೆ ನೋಡಿದಳು. ಬಾಲಯ್ಯ ಗರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಲಾರಿಯ ಹಿಂದಿನ ಹಲಗೆ ಹತ್ತಿದ. "ಇಬ್ಬರೇ ಯಾಕ? ಇವತ್ತಿಂದ ನಿನ್ನ ಹಿಂಡು ನನ್ನ ಹಿಂಡು ಒಂದೇ ಬಲಿ ಬೇಲಿಯಾಗ. ಹಿಡಿ, ಇಳಸ್ತೀನಿ." ಹೋದ ವರ್ಷ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಹಿರಿಯನೊಬ್ಬ ಕೋಲು ಊರಿಕೊಂಡು ಬಂದು, ಇಳಿಯುವ ಕುರಿಗೆ ಕೆಳಗಿನಿಂದ ಕೈ ಚಾಚಿದ. ಕುರುಮಯ್ಯ ಕೈಯಲ್ಲಿದ್ದ ಕುರಿಯನ್ನು ನೆಲಕ್ಕೆ ಬಿಟ್ಟ.

ಆಮೇಲೆ ಕೇಳಬೇಕೇ? ಹೊಸ ಸೀರೆಯವರು, ಡಪ್ಪಿನವರು, ಅಯ್ಯಗಾರರು, ಎಲ್ಲ ಲಾರಿಗೆ ಮುತ್ತಿದರು. ಕುರಿ ಇಳಿದವು, ಮರಿಗಳು ತಾಯಂದಿರನ್ನು ಹುಡುಕಿ ಕೆಚ್ಚಲಿಗೆ ಗುದ್ದಿದವು. ಕತ್ತೆ ಯಾರ ಹಂಗೂ ಇಲ್ಲದೆ ಈಚಲ ಗರಿ ತಿನ್ನುತ್ತಾ ನಿಂತಿತು. ಗದ್ವಾಲದ ವ್ಯಾಪಾರಿ ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಎರಡು ಸಲ ಬೈದು ಖಾಲಿ ಲಾರಿ ತಿರುಗಿಸಿಕೊಂಡು ಹೋದ. ಗುಡಿಯಲ್ಲಿ ಪ್ರಾರ್ಥನೆ ಶುರುವಾಗುವಾಗ ಹನ್ನೆರಡು ದಾಟಿತ್ತು. ಸಭೆಯೆಲ್ಲ ಕುರಿಯ ವಾಸನೆ ಹೊಡೆಯುತ್ತಿತ್ತು, ಹಾಡು ಮಾತ್ರ ಯಾವ ವರ್ಷವೂ ಅಷ್ಟು ಗಟ್ಟಿಯಾಗಿ ಕೇಳಿರಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ತುಳಸಮ್ಮ ಅಯ್ಯಗಾರರ ಜೊತೆ ಬೀರಪ್ಪನ ಗುಡಿ ಮುಂದೆ ಹೋಗಿ ಕೊಟ್ಟ ಮಾತು ತೀರಿಸಿದಳು. ಸಂಜೆ ಬಿಸಿಲಿರುವಾಗಲೇ ಎರಡು ಹಿಂಡನ್ನೂ ಕೂಡಿಸಿ ಬಯಲಿಗೆ ಹೊಡೆದರು. ಸುತ್ತ ಬಲೆ ಕಟ್ಟಬೇಕಿತ್ತು. ಬೆಳಗ್ಗೆಯಿಂದ ಮೊಗುಲಮ್ಮ ತುಳಸಮ್ಮನ ಜೊತೆ ಮತ್ತೆ ಒಂದು ಮಾತೂ ಆಡಿರಲಿಲ್ಲ. ತುಳಸಮ್ಮನೂ ಮೇಲೆ ಬಿದ್ದು ಮಾತಾಡಿಸಲಿಲ್ಲ, ಗೂಟ ಬಡಿಯುತ್ತಾ ತನ್ನ ಪಾಡಿಗೆ ತಾನಿದ್ದಳು. ಕಡೆಯ ಗೂಟದ ಹತ್ತಿರ ಮೊಗುಲಮ್ಮ ಬಲೆಯ ಒಂದು ತುದಿಯನ್ನು ಅವಳ ಕಡೆ ಎಸೆದಳು.

"ಹಿಡಿ. ಎಡಕ್ಕ ಜಗ್ಗು," ಅಂದಳು. ಆಮೇಲೆ ಸೆರಗಿನ ಮರೆಯಲ್ಲಿ ತುಟಿ ಬಿಗಿಹಿಡಿದು ಕೇಳಿದಳು: "ಎಡ ಯಾವುದು ಅಂತ ಗೊತ್ತೈತಲ್ಲ?"

ಊರಿಗೆಲ್ಲ ದಾರಿ ತೋರಿಸುತ್ತಿದ್ದ ತುಳಸಮ್ಮ ಎರಡೂ ಕೈ ಮುಂದೆ ಚಾಚಿ ನಿಂತಳು.

"ಇಲ್ಲ ಅತ್ತಿಗಿ," ಅಂದಳು. "ನೀನೇ ತೋರಸು."