ಆಯುಧಪೂಜೆಗೆ ಮಿಂದ ಹೈಡ್ರೋಜನ್ ಟ್ಯಾಂಕು

ಶಿರಾಳಕೊಪ್ಪದ ಹತ್ತಿರದ ಹಳ್ಳಿಯಲ್ಲಿ ನೀಲಾಂಬಿಕಳ ಅಡುಗೆಮನೆ ಮತ್ತೆ ಹೊಗೆಗೂಡಾಗಿತ್ತು. ಅವಳಿಗೆ ಮೊದಲೇ ದಮ್ಮು. ಪ್ರಯೋಗಕ್ಕೆಂದು ಕೊಟ್ಟಿದ್ದ ಹೈಡ್ರೋಜನ್ ಒಲೆ, ೧೯೯೭ರ ದಸರಾ ಮುಗಿದದ್ದೇ ಮುಷ್ಕರ ಹೂಡಿತ್ತು. ಒಲೆ ಕೊಟ್ಟ ಸೊರಬದ ಕೇಂದ್ರದಿಂದ ಅದನ್ನು ನೋಡಿಕೊಳ್ಳಲು ಬರುವ ಕ್ಷಮಾ ಜೀಪಿನಿಂದ ಇಳಿಯುತ್ತಲೇ ನೀಲಾಂಬಿಕ ಹರಿಹಾಯ್ದಳು.

“ಏನ್ರೀ ಮೇಡಮ್, ನಮ್ಮ ಕಿವಿಗೆ ಹೂ ಇಡ್ತೀರಾ? ವರ್ಷಗಟ್ಟಲೆ ಬರ್ತೈತೆ ಅಂದ್ರಿ! ಮೊನ್ನೆ ನಿಮ್ಮೋರೇ ಬಂದು ತುಂಬಿಸಿದ್ರೆ ಒಂದು ಗುಟುಕು ಗ್ಯಾಸೂ ಹಿಡೀಲಿಲ್ಲ.”

ಒಳಗೆ ಅವಳ ಗಂಡ ವೀರಬಸಪ್ಪ ಉರಿಯುವ ಸೌದೆ ಒಲೆಯ ಪಕ್ಕದಲ್ಲೇ ಹೈಡ್ರೋಜನ್ ಒಲೆಯ ಗ್ಯಾಸ್ ಟ್ಯಾಂಕಿಗೆ ಉಳಿ ಇಟ್ಟು ಸುತ್ತಿಗೆ ಎತ್ತಿದ್ದ. “ಇದರ ಹೊಟ್ಟೆ ಸೀಳಿ ನೋಡ್ತೀನಿ, ಏನ್ ಮಣ್ಣು ತುಂಬ್ಯಾರೆ ಅಂತ!”

“ಬಿಡಿ ಮಾರಾಯ್ರೇ!” ಕ್ಷಮಾ ಬಾಗಿಲಿಗೆ ಓಡಿಬಂದು ಕಿರುಚಿದಳು. “ಒಳಗಿರೋದು ಲೋಹದ ಪುಡಿ. ಗಾಳಿ ತಾಗಿದ್ರೆ ತಾನಾಗೇ ಹೊತ್ಕೊಳ್ಬಹುದು!”

ನೀಲಾಂಬಿಕ ಉಳಿ ಕಸಿದು ಅಂಗಳಕ್ಕೆ ಎಸೆದಳು. ಆದರೂ ಕ್ಷಮಾಳನ್ನು ಬಿಡಲಿಲ್ಲ. “ಮತ್ಯಾಕೆ ಕೆಡ್ತು? ಅದನ್ನ ಹೇಳ್ರಿ.”

“ನೀಲಕ್ಕ, ಆ ಪುಡಿ ಗ್ಯಾಸ್ ಹೀರಿ ಉಬ್ತದೆ, ಬಿಟ್ಟು ಕುಗ್ತದೆ. ಉಬ್ಬಿ ಕುಗ್ಗಿ ಬಿರುಕು ಬಿಟ್ಟು ಇನ್ನೂ ನುಣ್ಣಗಾಗ್ತದೆ. ಅದು ವಯಸ್ಸಾದ ಹಾಗೆ, ನಿಧಾನ. ಹೀಗೆ ಏಕಾಏಕಿ ಕೆಟ್ಟಿದೆ ಅಂದ್ರೆ ಒಳಗೆ ಗಾಳಿ, ನೀರು ಹೋಗಿರ್ಬೇಕು. ಆಗ ಪುಡಿ ಮೇಲೆ ತುಕ್ಕಿನಂಥ ಪೊರೆ ಕಟ್ತದೆ, ಗ್ಯಾಸ್ ಒಳಗೆ ಹೋಗೂದಿಲ್ಲ. ವಾಲ್ವ್ ಯಾರು ಬಿಚ್ಚಿದ್ದು?”

ವೀರಬಸಪ್ಪ ನೆಲ ನೋಡಿದ. “ಆಯುಧಪೂಜೆಗೆ ಟಿಲ್ಲರ್, ಪಂಪ್‌ಸೆಟ್ ಎಲ್ಲಾ ತೊಳದೆ. ಇದೂ ಖಾಲಿ ಇತ್ತು. ಒಳಗೆ ಒಂದ್ ಚೊಂಬು ನೀರು ಹಾಕಿ ಕುಲುಕಿದೆ. ದೇವರ ಮುಂದೆ ಕೊಳೆ ಇಡಬಾರ್ದಲ್ರೀ.”

“ಅವತ್ತು ಮನೆ ಸುಡ್ಲಿಲ್ಲ, ನಿಮ್ಮ ಪುಣ್ಯ. ಆ ಪುಡಿ ಮತ್ತೆ ಸರಿಹೋಗೋದು ಕಷ್ಟ. ಹೊಸದು ಬರೋವರೆಗೂ ಕಾಯ್ಬೇಕು.”

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಒಬ್ಬ, ಉಣ್ಣುತ್ತಿದ್ದವಳು ಇನ್ನೊಬ್ಬಳು. ನೀಲಾಂಬಿಕಳ ಸಿಟ್ಟು ಈಗ ಸರಿಯಾದ ಕಡೆಗೆ ತಿರುಗಿತು.

“ಮುಟ್ಟಬ್ಯಾಡ್ರಿ ಅಂತ ಮೇಡಮ್ ಹೇಳಿದಾಗ ಹೂಂ ಅಂದೋರು ಯಾರು? ನಿಮ್ಮ ಒಂದ್ ಚೊಂಬು ನೀರು ನನ್ನ ಉಸಿರು ಕಿತ್ಕೊಂತಲ್ರೀ! ತಗೋರಿ ಊದುಗೊಳವೆ. ಹೊಸದು ಬರೋ ತನಕ ಈ ಒಲಿ ನೀವೇ ಊದ್ರಿ.”

ಅವನು ಕುಕ್ಕರಗಾಲಲ್ಲಿ ಕೂತು ಊದಿದ. ಮೂರನೆಯ ಉಸಿರಿಗೇ ಕೆಮ್ಮಿ ಕಣ್ಣೀರು ಸುರಿಸಿದ. “ಇನ್ನು ಅದರ ತಂಟೆಗೆ ಹೋಗಲ್ಲ ಕಣೇ,” ಎಂದ.

ಓದುಗರೇ, ಇಂಥ ಟ್ಯಾಂಕು ನಿಮ್ಮ ಮನೆಗೂ ಬಂದರೆ ಒಣಬಟ್ಟೆಯಲ್ಲಿ ಹೊರಗೆ ಒರೆಸಿ, ಕುಂಕುಮ ಹಚ್ಚಿ, ಹೂವೇರಿಸಿ. ಯಾರ ತಕರಾರೂ ಇಲ್ಲ. ವಾಲ್ವ್ ಮಾತ್ರ ಬಿಚ್ಚಬೇಡಿ. ಕೇಂದ್ರದವರು ತುಂಬುವ ಶುದ್ಧವಾದ, ಒಣ ಗ್ಯಾಸಲ್ಲದೆ ಬೇರೇನೂ ಒಳಗೆ ಹೋಗಬಾರದು. ಗ್ಯಾಸ್ ಹಿಡಿಯುವುದು ಕಡಿಮೆಯಾದರೆ ಕೇಂದ್ರಕ್ಕೆ ಹೇಳಿಕಳಿಸಿ. ಅಷ್ಟು ಹೇಳಿದ ಮೇಲೂ ಕೈ ಕಡಿಯುತ್ತದೆಯೇ? ಹಾಗಾದರೆ ಮೊದಲು ಒಂದು ವಾರ ನಿಮ್ಮ ಮನೆಯ ಸೌದೆ ಒಲೆ ನೀವೇ ಊದಿ ನೋಡಿ.