ಮೆಣಸಿನ ಬೀಜದ ಹರಳು

ಬ್ಯಾಡಗಿಯ ಅಜ್ಜಪ್ಪ ಸಾವ್ಕಾರರ ಕೋಲ್ಡ್ ಸ್ಟೋರೇಜಿನಲ್ಲಿ, ಮೆಣಸಿನಕಾಯಿ ಚೀಲಗಳ ನಡುವೆ, ಸುಗರಾಬಿಗೆ ಒಂದು ಮೂಲೆ ಸಿಕ್ಕಿತ್ತು. ಮೆಣಸಿನ ಬೀಜದ ಪ್ರೋಟೀನನ್ನು ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ, ಅಣುವಿನ ರಚನೆ ತಿಳಿಯುವುದು ಅವಳ ಪಿಎಚ್.ಡಿ. ವಿಷಯ. ಹರಳಿಗೆ ತಂಪು ಬೇಕು. ಕಾಲೇಜಿನ ಫ್ರಿಜ್ಜಿನಲ್ಲಿ ಪ್ರಾಚಾರ್ಯರ ಮೊಸರಿತ್ತು.

ಮಾರ್ಗದರ್ಶಕರು ರಾಣೆಬೆನ್ನೂರಿನ ಡಾ. ಹೇಮಪ್ಪ. ಸಂಶೋಧಕರನ್ನು ತಯಾರು ಮಾಡುವುದರಲ್ಲಿ ಅವರಿಗೆ ಹೆಸರಿತ್ತು. ಮೊದಲ ವರ್ಷ ವಂದನಾರ್ಪಣೆ ಕಲಿಸುತ್ತಿದ್ದರು, ಎರಡನೆಯ ವರ್ಷ ಪ್ರಶ್ನೆ ಕೇಳದಿರುವುದನ್ನು. ಮೂರನೆಯ ವರ್ಷ ಹರಳು ತಾನಾಗಿಯೇ ಬಂತು. ಸಾಸಿವೆಗಿಂತ ಚಿಕ್ಕದು, ಒಂದೇ ಒಂದು.

ಅದು ಪ್ರೋಟೀನೋ, ದ್ರಾವಣದಲ್ಲಿದ್ದ ಉಪ್ಪೋ? ಸೂಜಿಯಿಂದ ಒತ್ತಿದರೆ ತಿಳಿಯುತ್ತದೆ. ಉಪ್ಪು ಗಟ್ಟಿ, ಪ್ರೋಟೀನು ಪುಡಿಯಾಗುತ್ತದೆ. ಉಪ್ಪಾದರೆ ಮೂರು ವರ್ಷದ ಕೆಲಸ ನೀರುಪಾಲು, ಪ್ರೋಟೀನಾದರೆ ಒತ್ತಿದ ಮೇಲೆ ಹರಳೇ ಇರುವುದಿಲ್ಲ. ಸುಗರಾಬಿ ಸೂಜಿ ಹಿಡಿಯುತ್ತಿದ್ದಳು, ಮತ್ತೆ ಇಟ್ಟುಬಿಡುತ್ತಿದ್ದಳು. ಒತ್ತದಿದ್ದರೆ ಪ್ರೋಟೀನೆಂದೇ ಬರೆಯಬಹುದಲ್ಲ ಎಂದು ಹೇಮಪ್ಪನವರು ಸಮಾಧಾನ ಹೇಳಿದರು.

ಹರಳು ಬಂದ ಸುದ್ದಿ ಕೇಳಿ ಸಾವ್ಕಾರರು ಬಂದು, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

“ಯಾವ ಗ್ರಹಕ್ಕ ಬರತೈತ್ರಿ ಇದು?”

ಅವರು ಉಂಗುರದ ಹರಳೆಂದು ತಿಳಿದಿದ್ದರು. ಸುಗರಾಬಿ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಹೇಮಪ್ಪನವರು, “ಶನಿಗೆ ಛಲೋ ಐತ್ರಿ,” ಎಂದರು. ಮೂಲೆ ಸಾವ್ಕಾರರದಲ್ಲವೇ?

ಸಾವ್ಕಾರರು ಪೇಟೆಯಲ್ಲಿ ಹಿಚುಕಿಯೇ ಮಾಲು ನೋಡುವವರು. ಅವಳು ತಡೆಯುವ ಮುನ್ನವೇ ಹರಳನ್ನು ಬೆರಳ ತುದಿಗೆ ಎತ್ತಿಕೊಂಡು ಹಿಚುಕಿದರು. ಬೆರಳಿನ ಮೇಲೆ ಬಿಳಿಯ ಒದ್ದೆ ಪುಡಿ ಉಳಿಯಿತು.

“ನಕಲಿ ಐತಿ. ನನ್ನ ಗೋದಾಮಿನ್ಯಾಗ ನಕಲಿ ಮಾಲು ಬ್ಯಾಡ.”

ಸುಗರಾಬಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ಪುಡಿ ಆತಲ್ರಿ ಸರ್, ಖರೇ ಪ್ರೋಟೀನ್ರಿ ಇದು.”

ಹೇಮಪ್ಪನವರು ಅವಳನ್ನು ಚೀಲಗಳ ಆಚೆ ಕರೆದೊಯ್ದರು. “ಖರೇ ಅನ್ನೂದನ್ನ ಥೀಸಿಸ್ಸಿನ್ಯಾಗ ಬರಿ. ಇಲ್ಲೆ ನಕಲಿ ಅನ್ನು. ಮೂಲಿ ಹೋದ್ರ ಮತ್ತೊಂದು ಹರಳು ಎಲ್ಲಿ ಬೆಳಸ್ತಿ?”

ಅವಳು ತಿರುಗಿ ಬಂದು ಸಾವ್ಕಾರರ ಮುಂದೆ ನಿಂತಳು.

“ತಪ್ಪಾತ್ರಿ ಸಾವ್ಕಾರ್ರ. ಇದು ನಕಲಿನ ಐತ್ರಿ. ಮುಂದಿನ ಸಲ ಖರೇದು ಬೆಳಸ್ತೇನ್ರಿ.”

ಸಾವ್ಕಾರರು ಕರಗಿದರು. ಮೂಲೆ ಇರಲಿ ಎಂದರು. ಒಂದೇ ಷರತ್ತು: ಇನ್ನು ಮುಂದೆ ಬೆಳೆಯುವ ಪ್ರತಿಯೊಂದು ಹರಳನ್ನೂ ಮೊದಲು ತಾವೇ ಹಿಚುಕಿ ನೋಡುವುದು. ಹೇಮಪ್ಪನವರು ಸಂತೋಷದಿಂದ ಒಪ್ಪಿ, ಅಲ್ಲಿಯೇ ಅವರನ್ನು ಸಹ-ಮಾರ್ಗದರ್ಶಕರನ್ನಾಗಿ ಮಾಡಿಕೊಂಡರು.