ಸೇತುವೆಯ ಮೇಲೆ ಹನ್ನೆರಡು ದೀಪ

ಮಾಲತೇಶನಿಗೆ ಗೆಳೆಯರಿರಲಿಲ್ಲ. ಮೇಡ್ಲೇರಿಯಿಂದ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಬರುತ್ತಿದ್ದ, ಕೊಟ್ರಪ್ಪನವರ ಬೀಜದ ಅಂಗಡಿಯಲ್ಲಿ ಪಾಕೀಟುಗಳಿಗೆ ಚೀಟಿ ಅಂಟಿಸುತ್ತಿದ್ದ, ಸಂಜೆ ತಿರುಗಿ ಹೋಗುತ್ತಿದ್ದ. ಇದ್ದವನೊಬ್ಬ ಮೊಬೈಲ್ ಆಟದೊಳಗಿದ್ದ.

ಆಟ ಮಾಡಿದವನು ಹಯಾಶಿದಾ ಎಂಬ ಜಪಾನೀ ನಿರ್ದೇಶಕ. ಅವನ ಸಂದರ್ಶನಗಳನ್ನೆಲ್ಲ ಮಾಲತೇಶ ಬಸ್ಸಿನಲ್ಲೇ ನೋಡಿ ಮುಗಿಸಿದ್ದ. ಹಯಾಶಿದಾ ಹತ್ತು ವರ್ಷ ಬೇರೆಯವರ ಆಟಗಳಿಗೆ ಮೋಡದ ಚಿತ್ರ ಬಿಡಿಸಿದ. ಆಮೇಲೆ ತಾನೇ ನಿರ್ದೇಶಿಸಿದ ಯುದ್ಧದ ಆಟ ಚೆನ್ನಾಗಿ ಮಾರಾಟವಾಯಿತು. ಆಡುವವರು ಅದರಲ್ಲಿ ಒಬ್ಬರಿಗೊಬ್ಬರು ಬರೆದುಕೊಂಡ ಬೈಗುಳಗಳನ್ನು ಓದಿ ಅವನಿಗೆ ಹೇಸಿಗೆಯಾಯಿತು. ಮುಂದಿನ ಆಟದಲ್ಲಿ ಮಾತನ್ನೂ ಹೆಸರನ್ನೂ ತೆಗೆದುಹಾಕಿದ. ಒಂದು ಹೊಳೆ, ಒಂದು ಸೇತುವೆ, ಗಿಡ ನೆಡಲು ದಂಡೆ. ತಲೆಬಾಗಬಹುದು, ಕೈಬೀಸಬಹುದು, ದೀಪ ಇಡಬಹುದು. ವಿಮರ್ಶಕರು ಹೊಗಳಿದರು. ಜನ ಆಡಲಿಲ್ಲ.

ಜಪಾನಿನಲ್ಲಷ್ಟೇ ಬಿಟ್ಟಿದ್ದ ಆ ಆಟವನ್ನು ಪಕ್ಕದ ಮೊಬೈಲ್ ಅಂಗಡಿಯ ಮುಜಾಫರ ಹೇಗೋ ಹಾಕಿಕೊಟ್ಟಿದ್ದ. ಎರಡು ವರ್ಷ ಪ್ರತಿ ಸಂಜೆ ನೀಲಿ ಟೋಪಿಯವನೊಬ್ಬ ಸೇತುವೆಗೆ ಬರುತ್ತಿದ್ದ. ಇಬ್ಬರೂ ತಲೆಬಾಗಿ ಗಿಡ ನೆಡುತ್ತಿದ್ದರು. ಅವನ ಊರಿನಲ್ಲಿ ಆಗ ಎಷ್ಟು ಹೊತ್ತಾಗಿರುತ್ತದೆ ಎಂದು ಮಾಲತೇಶ ಯೋಚಿಸಿರಲಿಲ್ಲ.

ಹಯಾಶಿದಾ ನಿವೃತ್ತನಾದ. ಕಂಪನಿ ಆಟವನ್ನು ಮುಚ್ಚುವುದಾಗಿ ತಿಳಿಸಿದ್ದನ್ನು ಮಾಲತೇಶ ಇಂಗ್ಲಿಷ್ ಸುದ್ದಿಯೊಂದರಲ್ಲಿ ಓದಿದ. ಕೊನೆಯ ದಿನ ಮಧ್ಯಾಹ್ನ ಹನ್ನೆರಡರಿಂದ ಒಂದು ತಾಸು ಆಡುವವರು ಬರೆದು ಮಾತಾಡಬಹುದು, ಆಮೇಲೆ ಆಟ ಇರುವುದಿಲ್ಲ. ಹಯಾಶಿದಾ ಅಷ್ಟಕ್ಕೆ ಒಪ್ಪಿದ್ದ. ಹಿಂದಿನ ಸಂಜೆ ನೀಲಿ ಟೋಪಿಯವನು ಸೇತುವೆಯ ಮೇಲೆ ಹನ್ನೆರಡು ದೀಪ ಇಟ್ಟ. ಹನ್ನೆರಡಕ್ಕೆ ಬರುತ್ತೇನೆಂದು ಮಾಲತೇಶ ತಲೆಬಾಗಿದ.

ಮರುದಿನ ಕೊಟ್ರಪ್ಪ ಅವನನ್ನು ಗಮನಿಸಿದರು. "ಯಾಕಲೇ, ಗಡಿಯಾರ ನೋಡಾಕತ್ತಿ? ಕನ್ಯಾ ನೋಡಾಕ ಹೊಂಟೀಯೇನು?"

"ಹನ್ನೆರಡಕ್ಕ ಒಂದ್ ತಾಸು ಬಿಡ್ರಿ ಸಾವ್ಕಾರ್ರ. ಗೆಳ್ಯಾನ್ನ ಕಾಣೂದೈತಿ."

"ನಿನಗೂ ಗೆಳ್ಯಾ ಅದಾನಾ? ಹೆಸರೇನು?"

"ಅದನ್ನ ಕೇಳಾಕ ಹೊಂಟೇನ್ರಿ."

ಕೊಟ್ರಪ್ಪ ನಕ್ಕು ಹೋಗಲು ಬಿಟ್ಟರು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮಾಲತೇಶ ಗೋದಾಮಿನ ಹಿಂದೆ ಕುಳಿತು ಆಟ ತೆರೆದ. ಬೂದು ಪರದೆ, ಜಪಾನಿಯಲ್ಲಿ ಒಂದು ಸಾಲು. ಮತ್ತೆ ತೆರೆದ. ಅದೇ ಸಾಲು. ಮೊಬೈಲ್ ಹಿಡಿದು ಮುಜಾಫರನ ಅಂಗಡಿಗೆ ಹೋದ.

ಮುಜಾಫರ ಅದನ್ನು ಅನುವಾದಕ್ಕೆ ಹಾಕಿ ಓದಿದ. "ಇದು ಬಂದ್ ಆಗೇತಲೇ. ಜಪಾನು ನಮಗಿಂತ ಮೂರೂವರಿ ತಾಸು ಮುಂದ ಐತಿ. ಅವರ ಹನ್ನೆರಡು ನಮಗ ಮುಂಜಾನಿ ಎಂಟೂವರಿ. ಯಾರನ್ನರ ಕೇಳಬಾರದಿತ್ತೇನು?"

"ಯಾರನ್ನ?"

ಮುಜಾಫರ ಗಿರಾಕಿಯ ಮೊಬೈಲಿನ ಸ್ಕ್ರೂ ಬಿಚ್ಚತೊಡಗಿದ.

ಆ ಮುಂಜಾನೆ ಎಂಟೂವರೆಗೆ ಮಾಲತೇಶ ಅಂಗಡಿಯ ಕಸ ಗುಡಿಸುತ್ತಿದ್ದ. ಒಂಬತ್ತೂವರೆಗೆ ಟೊಮೆಟೊ ಬೀಜದ ಪಾಕೀಟುಗಳಿಗೆ ಚೀಟಿ ಅಂಟಿಸುತ್ತಿದ್ದ. ಅಷ್ಟು ಹೊತ್ತೂ ಮೊಬೈಲ್ ಅಂಗಿಯ ಕಿಸೆಯಲ್ಲೇ ಇತ್ತು.

"ಲಗೂ ಬಂದೆಲ್ಲ," ಎಂದರು ಕೊಟ್ರಪ್ಪ. "ಹೆಸರು ಹೇಳಿದನೇನು?"

"ಇಲ್ರಿ," ಎಂದು ಮಾಲತೇಶ ಅಂಟಿನ ಡಬ್ಬಿ ತೆರೆದ.

ಹೋದದ್ದು ಎರಡು ವರ್ಷದ ಗಿಡಗಳು, ಒಂದು ಸೇತುವೆ, ಒಬ್ಬ ಗೆಳೆಯ.